ಟ್ಯಾಪೆಟ್ಟಿಲ್ಲದ ಗಾಡಿ

ಇವತ್ತು ಬೆಳಿಗ್ಗೆ ನನ್ನ ಕಾರಿನಲ್ಲಿ ಭತ್ತ ಹುಟ್ಟಿದೆ.

ಹುಟ್ಟಿದೆ ಅಂದರೆ ಹುಟ್ಟಿದೆ. ಹಿಂದಿನ ಸೀಟಿನಲ್ಲಿ ಎಡಗಡೆ ಕೂತವರು ಕಾಲಿಡುತ್ತಾರಲ್ಲ, ಅಲ್ಲಿ, ಬೂದುಬಣ್ಣದ ಕಾರ್ಪೆಟ್ಟಿನ ಮೇಲೆ, ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಸೂಜಿಯಂಥ ಹಸಿರು. ಕೊಡೆ ಹುಡುಕಲು ಬಾಗಿಲು ತೆಗೆದವನು ಮೊದಲು ಪಾಚಿ ಅಂದುಕೊಂಡೆ. ಆಗುಂಬೆ ಮಗ್ಗುಲಿನ ಊರು ನಮ್ಮದು; ಮಳೆಗಾಲದಲ್ಲಿ ಬೆಲ್ಟಿಗೆ ಬೂಸ್ಟು ಬರುತ್ತದೆ, ಚಪ್ಪಲಿಗೆ ಬರುತ್ತದೆ, ಮದುವೆ ಆಲ್ಬಮ್ಮಿಗೂ ಬರುತ್ತದೆ. ಕಾರಿಗೆ ಬಂದರೆ ಏನು ಮಹಾ? ಬಗ್ಗಿ ನೋಡಿದರೆ ಒಂದೊಂದು ಹಸಿರು ಸೂಜಿಯ ಬುಡದಲ್ಲೂ ಒಂದೊಂದು ಕಾಳು.

ಅಮ್ಮನನ್ನು ಕರೆದೆ. ತಲೆ ಮೇಲೆ ಸೆರಗು ಹಾಕಿಕೊಂಡು ಬಂದಳು, ಕನ್ನಡಕ ಮೇಲೇರಿಸಿದಳು, ಒಂದು ಸಸಿಯನ್ನು ಬೆರಳ ತುದಿಯಿಂದ ಸವರಿದಳು.

"ಒಳ್ಳೆ ಹುಟ್ಟಿದೆ ಮಾರಾಯ. ಒಂದೂ ಜೊಳ್ಳಿಲ್ಲ ನೋಡು."

4,35,000 ರೂಪಾಯಿ ಸುರಿದು ತಂದ ಎಸ್‌ಯುವಿಯ ಬಗ್ಗೆ ಮನೆಯಲ್ಲಿ ಇಲ್ಲಿಯವರೆಗೆ ಯಾರಾದರೂ ಆಡಿದ ಒಂದೇ ಒಂದು ಒಳ್ಳೆ ಮಾತು ಇದು.

ನನಗೇನು ಎಸ್‌ಯುವಿಯ ಶೋಕಿ ಇರಲಿಲ್ಲ. ತೀರ್ಥಹಳ್ಳಿಗೆ ದಿನಾ ಆಫೀಸಿಗೆ ಹೋಗಿ ಬರಬೇಕು, ಡಾಂಬರು ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ರಸ್ತೆ, ಅದರಲ್ಲೊಂದು ಏರು. ಮೊದಲಿದ್ದ ಸಣ್ಣ ಕಾರು ಜೂನ್ ಬಂತೆಂದರೆ ಹೊಟ್ಟೆ ಉಜ್ಜಿಕೊಂಡು ಅಳುತ್ತಿತ್ತು. ಸ್ವಲ್ಪ ಎತ್ತರದ, ಬೆಳಿಗ್ಗೆ ಕೀ ತಿರುಗಿಸಿದರೆ ಹೊರಡುವ, ಸಂಜೆ ಮನೆ ಮುಟ್ಟಿಸುವ ಒಂದು ಗಾಡಿ ಸಾಕಿತ್ತು. ಹೊಸದರ ಬೆಲೆ ಕೇಳಿದೆ. ಅಡಿಕೆ ರೇಟು ಎಷ್ಟೇ ಏರಲಿ, ನಮ್ಮ ಒಂದೆಕರೆ ತೋಟಕ್ಕೆ ಎಟುಕುವ ಮಾತಲ್ಲ ಅದು. ಸರಿ, ಸೆಕೆಂಡ್ ಹ್ಯಾಂಡೇ ಗತಿ ಎಂದು ಶಿವಮೊಗ್ಗಕ್ಕೆ ಹೊರಟೆ.

ಬರಿಗೈಲಿ ಹೋಗಲಿಲ್ಲ. ರಾತ್ರಿಯೆಲ್ಲ ಕೂತು ಓದಿ, ಯೂಟ್ಯೂಬ್ ನೋಡಿ, ಚೀಟಿಯೊಂದು ಬರೆದುಕೊಂಡಿದ್ದೆ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸು. ನೀನು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ತಿಳಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, 2319 ಅಂತಿದ್ದರೆ 2019ರ 23ನೇ ವಾರದ ಟೈರು. ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀದಿ ಕೇಳು. ಆರ್‌ಸಿಯಲ್ಲಿ ಎಷ್ಟನೇ ಓನರ್ ಅಂತ ನೋಡು. ಏಳನೆಯದು, ಕೆಳಗೆ ಗೆರೆ ಬೇರೆ ಎಳೆದಿದ್ದೆ: "ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡು. ತೇವ ಇದ್ದರೆ ಮಾತಾಡದೆ ವಾಪಸ್ ಬಾ."

ಏಳನೆಯದಕ್ಕೆ ನಾನು ತಲುಪಲೇ ಇಲ್ಲ. ಯಾಕೆಂದರೆ ಜೊತೆಗೆ ಭಾವ ಬಂದಿದ್ದರು.

ನಮ್ಮ ಅಕ್ಕನ ಗಂಡ ಒಂದು ಕಾಲದಲ್ಲಿ ಜೀಪು ಇಟ್ಟುಕೊಂಡಿದ್ದವರು. 1994ರಲ್ಲಿ ಆ ಜೀಪಿನ ಟ್ಯಾಪೆಟ್, ಅಂದರೆ ಎಂಜಿನ್ನಿನ ವಾಲ್ವನ್ನು ಒತ್ತಿ ತೆರೆಯುವ ಸಣ್ಣ ಭಾಗ, ಹೋಯಿತಂತೆ, ದಿಬ್ಬಣ ಕರೆದುಕೊಂಡು ಹೋಗುವಾಗ, ಮಾಸ್ತಿಕಟ್ಟೆ ಹತ್ತಿರ, ರಾತ್ರಿ. ಅಂದಿನಿಂದ ಅವರ ಪಾಲಿಗೆ ಜಗತ್ತಿನಲ್ಲಿ ಇರುವ ರೋಗ ಒಂದೇ. ಗಾಡಿ ನೋಡುವಾಗ ಮೊದಲು ಸುತ್ತ ಒಂದು ಪ್ರದಕ್ಷಿಣೆ. ಆಮೇಲೆ ಮುಂದಿನ ಟೈರಿಗೆ ಒಂದು ಒದೆ. ಒದ್ದರೆ ಏನು ಗೊತ್ತಾಗುತ್ತದೆ ಭಾವ ಎಂದು ಕೇಳಿದ್ದಕ್ಕೆ, "ಗೊತ್ತಾಗೋರಿಗೆ ಗೊತ್ತಾಗತ್ತೆ" ಎಂದರು. ನಂತರ ಬಾನೆಟ್ ಎತ್ತಿಸಿ, ಸ್ಟಾರ್ಟ್ ಮಾಡಿಸಿ, ಮಗುವಿನ ಜ್ವರ ನೋಡುವ ಹಾಗೆ ಎಂಜಿನ್ ಪಕ್ಕ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತಾರೆ. ಸುತ್ತಲಿನವರು ಉಸಿರೂ ಜೋರಾಗಿ ಬಿಡಬಾರದು. ಒಂದು ನಿಮಿಷ, ಎರಡು ನಿಮಿಷ. ಅಂಗಡಿಯ ಹುಡುಗ ಒಮ್ಮೆ ಗಾಬರಿಯಾಗಿ ನೀರು ತಂದ. ಕೊನೆಗೆ ಕಣ್ಣು ತೆರೆದು, ಹೆಣದ ಮನೆಯಲ್ಲಿ ಮಾತಾಡುವವರ ದನಿಯಲ್ಲಿ:

"ಹೂಂ. ಟ್ಯಾಪೆಟ್ಟು."

ಮೊದಲ ಗಾಡಿ ಟ್ಯಾಪೆಟ್ಟು. ಎರಡನೆಯದು ಟ್ಯಾಪೆಟ್ಟು. ಮೂರನೆಯದರ ಬ್ಯಾಟರಿ ಸತ್ತು ಸ್ಟಾರ್ಟೇ ಆಗಲಿಲ್ಲ. "ಟ್ಯಾಪೆಟ್ಟೂ ಇರಬಹುದು" ಎಂದರು. ಮನೆಯ ಮಿಕ್ಸಿ ಕರಕರ ಅಂದಾಗಲೂ ಅವರು ಹೇಳಿದ್ದು ಇದೇ. ಅಮ್ಮ ಮೆಟ್ಟಿಲು ಇಳಿಯುವಾಗ ಮಂಡಿ ಲಟ್ ಅಂದಿದ್ದಕ್ಕೆ "ಅತ್ತೆ, ನಿಮ್ಮದೂ ಟ್ಯಾಪೆಟ್ಟೇ" ಎಂದು ಹೇಳಿ, ಅವತ್ತು ಎರಡನೇ ಸಲ ಕಾಫಿ ಸಿಗದೆ ಊರಿಗೆ ಹೋದರು. ಈಗಿನ ಬಹಳಷ್ಟು ಎಂಜಿನ್ನುಗಳಲ್ಲಿ ಅದು ಆಯಿಲ್ ಒತ್ತಡದಲ್ಲಿ ತಾನೇ ಸರಿಹೊಂದಿಕೊಳ್ಳುತ್ತದೆ, ಯಾರೂ ಕೈ ಹಾಕುವ ಕೆಲಸವಿಲ್ಲ ಅಂತ ನಾನು ಓದಿದ್ದೆ. ಹೇಳಲಿಲ್ಲ. ಅಕ್ಕನ ಸಂಸಾರದ ಪ್ರಶ್ನೆ.

ನಾಲ್ಕನೆಯದು ಇದು. 2013ರ ಡೀಸೆಲ್ ಗಾಡಿ, ಕೆಎ 14, ಮೀಟರಿನಲ್ಲಿ 52,000. "ಡಾಕ್ಟರ್ ಗಾಡಿ ಸಾರ್. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ" ಎಂದ ಅಂಗಡಿಯವನು. ಹಿಂದೆ ನೋಡಿದ ಮೂರೂ ಡಾಕ್ಟರ್ ಗಾಡಿಗಳೇ. ಈ ಡಾಕ್ಟರುಗಳೆಲ್ಲ ಗಾಡಿ ಮಾರಿ ಈಗ ಬಸ್ಸಿನಲ್ಲಿ ಓಡಾಡುತ್ತಿದ್ದಾರೋ ಏನೋ. ಬ್ರೇಕ್ ಪೆಡಲ್ ಮೇಲಿನ ರಬ್ಬರ್ ಸವೆದು ತಗಡು ಹೊಳೆಯುತ್ತಿತ್ತು. 52,000 ಕಿಲೋಮೀಟರಿಗೆ ಇಷ್ಟೊಂದು ಸವೆಯುತ್ತದೆಯೇ? ಡಾಕ್ಟರು ಹೊಲಿಗೆ ಹಾಕುವುದು ಪೆಡಲ್ ತುಳಿದೇ ಇರಬೇಕು ಅಂತ ನನ್ನ ಹೊಟ್ಟೆಯೊಳಗೇ ನಕ್ಕು, ಅಲ್ಲಿಗೇ ಬಿಟ್ಟೆ. ಅವತ್ತು ನಗುವ ಬದಲು ಕೇಳಬೇಕಿತ್ತು.

ಭಾವ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಈ ಸಲ ಮೂರು ನಿಮಿಷ. ಗಾಜನೂರು ಡ್ಯಾಮಿನವರೆಗೆ ಓಡಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ಎಸಿ ಬಂದ್, ರೇಡಿಯೋ ಬಂದ್, ನನ್ನ ಬಾಯಿ ಬಂದ್. ವಾಪಸ್ ಬಂದು ಇಳಿದವರು ನನ್ನ ಹೆಗಲ ಮೇಲೆ ಕೈ ಹಾಕಿದರು. ಕಣ್ಣಲ್ಲಿ ನೀರಿತ್ತು ಎಂದರೆ ಸುಳ್ಳಾದೀತು, ಆದರೆ ಬರುವ ಹಾಗಿತ್ತು.

"ಟ್ಯಾಪೆಟ್ಟಿಲ್ಲ ಮಾರಾಯ. ಕಣ್ಣು ಮುಚ್ಚಿ ತಗೋ."

ಅವರು ಕಣ್ಣು ಮುಚ್ಚಿದ್ದರು, ನಾನೂ ಮುಚ್ಚಿದೆ. ಚೀಟಿ ಜೇಬಿನಲ್ಲೇ ಉಳಿಯಿತು. ಫಾರಂ 29, ಫಾರಂ 30, ಸಹಿ, ಅಡ್ವಾನ್ಸು, ಟ್ರಾನ್ಸ್‌ಫರ್, ಎಲ್ಲ ಮುಗಿದು ಗಾಡಿ ಮನೆಗೆ ಬಂತು. ಮೊದಲ ಮಳೆಗೇ ನಮ್ಮ ಏರಿನಲ್ಲಿ ಹೂತುಕೊಂಡು, ಮುಂದಿನ ಎರಡು ಚಕ್ರ ಮಾತ್ರ ಕೆಸರು ಕಡೆಯುತ್ತ ನಿಂತಾಗ ಗೊತ್ತಾಯಿತು, ನೋಡಲು ಆನೆಯ ಹಾಗಿರುವುದಕ್ಕೆಲ್ಲ ನಾಲ್ಕೂ ಚಕ್ರಕ್ಕೆ ಎಳೆತ ಇರುವುದಿಲ್ಲ ಅಂತ. ಅದೇ ಹೊತ್ತಿಗೆ ಹಾಲಿನ ಕ್ಯಾನು ತುಂಬಿದ ಹಳೇ ಓಮ್ನಿಯೊಂದು ಪಕ್ಕದಿಂದ ಹತ್ತಿ ಹೋಯಿತು. ಹಾರ್ನ್ ಬೇರೆ ಮಾಡಿತು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು "ಹೇಗೂ ಗಾಡಿ ಇದೆಯಲ್ಲ". ಸಣ್ಣ ಕಾರಿದ್ದಾಗ ಊರಿನಲ್ಲಿ ಒಬ್ಬರೂ ನನ್ನ ಕಡೆ ತಿರುಗಿ ನೋಡಿದವರಲ್ಲ. ಈಗ ಬೆಳಿಗ್ಗೆ ಎಂಟಕ್ಕೆ ಗೇಟು ದಾಟುವ ಮೊದಲೇ ಯಾರಾದರೂ ಬೇಲಿ ಪಕ್ಕ ನಿಂತಿರುತ್ತಾರೆ. ಹೇಗೂ ಗಾಡಿ ಇದೆಯಲ್ಲ, ಸಿಲಿಂಡರ್ ಒಂದು. ಹೇಗೂ ಜಾಗ ಇದೆಯಲ್ಲ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವವರು ಇಬ್ಬರು, ಮೈತುತ್ತದ ಡಬ್ಬದ ಸಮೇತ. ಒಂದು ದಿನ ಎರಡು ಹಲಸಿನ ಹಣ್ಣು ಹೋಯಿತು, ವಾಸನೆ ಮಾತ್ರ ಹೋಗಲಿಲ್ಲ. ಹೋದ ವಾರ ಪಕ್ಕದ ಮನೆ ಗೌಡರು ಫೋನ್ ಮಾಡಿ, ರೈತ ಸಂಪರ್ಕ ಕೇಂದ್ರದಿಂದ ಬಿತ್ತನೆ ಭತ್ತ ಒಂದು ಚೀಲ ತಂದುಬಿಡಿ ಎಂದರು. ತಳಿ ಎಂಟಿಯು 1001, ನಮ್ಮ ಕಡೆ ಬರೇ ಸಾವಿರದೊಂದು. ಡಿಕ್ಕಿಯಲ್ಲಿ ಇನ್ನೊಬ್ಬರ ಗೊಬ್ಬರ ಇತ್ತು. ಚೀಲವನ್ನು ಹಿಂದಿನ ಸೀಟಿನ ಕೆಳಗೆ ನಿಲ್ಲಿಸಿದೆ. ಅದರ ಮೂಲೆಯ ಹೊಲಿಗೆ ಬಿಚ್ಚಿತ್ತು. ಇದನ್ನು ಹಾಕಿದವರು ಡಾಕ್ಟರಲ್ಲ.

ಕಾಳು ಬಂದದ್ದು ಹಾಗೆ. ನೀರು ಬಂದ ದಾರಿಯನ್ನು ತೀರ್ಥಹಳ್ಳಿಯ ಮೆಕ್ಯಾನಿಕ್ ಇವತ್ತು ತೋರಿಸಿದ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವಲ್ಲಿ, ಒಂದು ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆ. ಅದರಡಿ ಒಂದು ಚರಂಡಿ, ಚರಂಡಿಗೆ ಸಣ್ಣ ತೂತು. ಸೈಕಲ್ ಕಡ್ಡಿ ಹಾಕಿ ಎಳೆದ. ಕಪ್ಪಾಗಿ ಕೊಳೆತ ಎಲೆಯ ಮುದ್ದೆ ಒಂದು ಹಿಡಿ ಬಂತು. ತೂತು ಕಟ್ಟಿ, ನೀರು ಎಸಿಯ ಗಾಳಿ ಹೋಗುವ ದಾರಿಯಲ್ಲಿ ಒಳಗಿಳಿದು, ಮನೆ ಮುಂದೆ ಮೂತಿ ಮೇಲೆ ಮಾಡಿ ನಿಲ್ಲಿಸುತ್ತೇನಲ್ಲ, ಹಿಂದಕ್ಕೆ ಹರಿದು, ಕಾರ್ಪೆಟ್ಟಿನಡಿಯ ಸ್ಪಂಜಿನಲ್ಲಿ ಕೂತಿದೆ. ಕಾರ್ಪೆಟ್ ಎತ್ತಿದರೆ ಕೆಳಗಿನ ತಗಡು ವರ್ಷಗಳಿಂದ ತುಕ್ಕು ಹಿಡಿದ ಬಣ್ಣ. ಇದು ನಮ್ಮ ಹಲಸಿನ ಮರದ ಎಲೆಯಲ್ಲ ಎಂದಾಯಿತು, ಡಾಕ್ಟರ ಮನೆಯದು. ಏಳನೇ ನಂಬರು. ಗೆರೆ ಬೇರೆ ಎಳೆದಿದ್ದೆ.

ಮೆಕ್ಯಾನಿಕ್ ಕಾರ್ಪೆಟ್ ತೆಗೆದು ಒಣಗಿಸಿ ಎಂದ. ಆರಿದ್ರಾ ಮಳೆ ಹಿಡಿದು ಐದು ದಿನ, ಒಣಗಿಸುವುದೆಲ್ಲಿ? ಹಾಗೇ ಮನೆಗೆ ಬಂದು ಸಸಿಗಳನ್ನು ಕಿತ್ತು ಹಾಕಲು ಕೂತೆ. ಅಮ್ಮ ಬಿಡಲಿಲ್ಲ.

"ಇರ್ಲಿ ಬಿಡು ಎರಡು ದಿನ" ಎಂದಳು. ಬಾಗಿಲು ತೆಗೆದಿಟ್ಟು, ಮೆಟ್ಟಿಲ ಮೇಲೆ ಕೂತು, ಅದನ್ನೇ ನೋಡುತ್ತಿದ್ದಳು.

ಮನೆ ಕೆಳಗಿನ ಗದ್ದೆಗೆ ಅಡಿಕೆ ಹಾಕಿ ಹನ್ನೊಂದು ವರ್ಷವಾಯಿತು. ಅಪ್ಪ ಹೋದ ಮರುವರ್ಷ ನಾನೇ ಹಾಕಿಸಿದ್ದು. ನಟ್ಟಿಗೆ ಜನ ಸಿಗುವುದಿಲ್ಲ, ಲೆಕ್ಕ ಹುಟ್ಟುವುದಿಲ್ಲ ಅಂತ ಅಮ್ಮನ ಮುಂದೆ ಕ್ಯಾಲ್ಕ್ಯುಲೇಟರ್ ಹಿಡಿದು ವಾದ ಮಾಡಿದ್ದೆ. ಅದಕ್ಕೂ ಮೊದಲು ಈ ಹೊತ್ತಿಗೆ ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ಸಸಿಮಡಿ ನೋಡಿ ಬರುತ್ತಿದ್ದರು, ನೋಡಿದರೆ ಬೇಗ ಬೆಳೆಯುತ್ತದೆ ಅನ್ನುವ ಹಾಗೆ. ಹನ್ನೊಂದು ವರ್ಷದ ಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಭತ್ತ ಇದು. ಕೀಳಲು ನನಗೂ ಕೈ ಬರಲಿಲ್ಲ.

ಸಂಜೆ ಭಾವ ಬಂದರು. ಅಕ್ಕ ಫೋಟೋ ತೋರಿಸಿದ್ದಳಂತೆ. ಹಿಂದಿನ ಬಾಗಿಲಲ್ಲಿ ಬಗ್ಗಿ ಸಸಿ ನೋಡಿದರು, ಕಾರ್ಪೆಟ್ ಒತ್ತಿ ಬೆರಳು ಮೂಸಿದರು, ಮುಂದೆ ಹೋಗಿ ಬಾನೆಟ್ ಎತ್ತಿಸಿ, ಸ್ಟಾರ್ಟ್ ಮಾಡಿಸಿ, ಅಂಗೈ ಇಟ್ಟು ಕಣ್ಣು ಮುಚ್ಚಿದರು. ಮಳೆ ಸುರಿಯುತ್ತಿತ್ತು. ನಾನು ಅವರಿಗೆ ಕೊಡೆ ಹಿಡಿದು ನಿಂತಿದ್ದೆ.

"ಏನೇ ಹೇಳು," ಎಂದರು ಕೊನೆಗೆ, "ಟ್ಯಾಪೆಟ್ಟಿಲ್ಲ."

ಅಷ್ಟರಲ್ಲಿ ಗೌಡರ ಫೋನು. ಮಡಿಯಲ್ಲಿ ಒಂದು ಮೂಲೆ ಕೊಳೆತು ಹೋಯಿತಂತೆ, ನಟ್ಟಿಗೆ ಸಸಿ ಸ್ವಲ್ಪ ಕಮ್ಮಿ ಬೀಳುವ ಹಾಗಿದೆಯಂತೆ.

"ನಿಮ್ಮ ಗಾಡೀಲಿ ಚೆನ್ನಾಗಿ ಎದ್ದಿದೆಯಂತಲ್ಲ. ಹೇಗೂ ನಮ್ಮದೇ ಬೀಜ. ಇನ್ನೊಂದು ಹದಿನೈದು ಇಪ್ಪತ್ತು ದಿನ ನೀರು ನಿಲ್ಲಿಸ್ಕಳಿ, ಆಮೇಲೆ ನಾನೇ ಬಂದು ಕಿತ್ಕೊಂಡು ಹೋಗ್ತೀನಿ."