ಬಣ್ಣ ಗೋಡೆಯ ಮೇಲೆ ನೋಡಿ, ಹೊಲಿಗೆ ಕೌದಿಯಂತೆ ಹಾಕಿ

ಗಾಢ ಬಣ್ಣಗಳ ಅಮೂರ್ತ ಕ್ವಿಲ್ಟ್‌ಗೆ (ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ) ಇಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿ ಕಲಿಸುವ ಕ್ರಮ ಒಂದೇ: ಕತ್ತರಿಸಿ, ಗೋಡೆಗೆ ಅಂಟಿಸಿ ನೋಡಿ, ಮೆಷಿನ್‌ನಲ್ಲಿ ಜೋಡಿಸಿ. ಹಳೆ ಬಟ್ಟೆಗಳನ್ನು ಕೈಯಲ್ಲೇ ಹೊಲಿಯುವ ಉತ್ತರ ಕರ್ನಾಟಕದ ಕೌದಿಯಲ್ಲಿ ಬಣ್ಣದ ತೀರ್ಮಾನ ಸೂಜಿ ಓಡುತ್ತಿರುವಾಗಲೇ ಆಗುತ್ತದೆ. ಹೊಸಬರಿಗೆ ಕೌದಿಯ ದಾರಿಯೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೆಷಿನ್ ಜೋಡಣೆ ಲೆಕ್ಕಕ್ಕೆ ಕಟ್ಟುಬಿದ್ದ ಕೆಲಸ. 2 ಇಂಚಿನ 20 ಪಟ್ಟಿ ಸೇರಿಸಿದರೆ 40 ಇಂಚು ಸಿಗದು, 30½ ಸಿಗುತ್ತದೆ. ಪ್ರತಿ ಜೋಡಣೆಯೂ ಎರಡು ಪಟ್ಟಿಗಳಿಂದ ಕಾಲು ಕಾಲು ಇಂಚು ನುಂಗುತ್ತದೆ. ಆ ಕಾಲು ಇಂಚು 1/16 ಇಂಚಿನಷ್ಟು ಅಗಲವಾದರೂ 19 ಜೋಡಣೆ ಮುಗಿಯುವಷ್ಟರಲ್ಲಿ ಸುಮಾರು 2⅜ ಇಂಚು ಕಡಿಮೆ ಬಿದ್ದಿರುತ್ತದೆ, ಪಕ್ಕದ ಭಾಗಕ್ಕೆ ಕೂಡುವುದೇ ಇಲ್ಲ. ಓರೆಯಾಗಿ ಕತ್ತರಿಸಿದ ಅಂಚಿನ ಮೇಲೆ ಇಸ್ತ್ರಿ ಎಳೆದರೆ ಬಟ್ಟೆ ಹಿಗ್ಗಿ ಅಲೆ ಏಳುತ್ತದೆ. ಕತ್ತರಿಸುವ ಮೊದಲೇ ಗಂಜಿ ಹಾಕಿ, ಇಸ್ತ್ರಿಯನ್ನು ಜಾರಿಸದೆ ಒತ್ತಿ ಎತ್ತಬೇಕು.

ಕೌದಿಗೆ ಈ ಕಾಟವಿಲ್ಲ. ಹಳೆಯ ಹತ್ತಿ ಸೀರೆಯ ಎರಡು ಮೂರು ಪದರ ಹಾಸಿ, ನಾಲ್ಕು ಇಂಚಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಹೊಲಿಗೆ ಬಟ್ಟೆಯನ್ನು ಕುಗ್ಗಿಸುವುದರಿಂದ ಬೇಕಾದ ಅಳತೆಗಿಂತ ಮೂರು ಇಂಚು ಹೆಚ್ಚು ಇರಲಿ. ಒಂದು ಮೂಲೆಯಲ್ಲಿ ಬಣ್ಣದ ತುಂಡಿಟ್ಟು, ಅದರ ಅಂಚು ಕಾಲು ಇಂಚು ಒಳಮಡಚಿ, ಅರ್ಧ ಇಂಚಿನ ಅಂತರದ ಸಾಲುಗಳಲ್ಲಿ ಸುತ್ತುತ್ತಾ ಒಳಗೆ ಸಾಗಬೇಕು. ಬಣ್ಣ ಒಪ್ಪದಿದ್ದರೆ ಬಿಚ್ಚುವುದೇನೂ ಬೇಡ, ಅದರ ಮೇಲೆ ಇನ್ನೊಂದು ತುಂಡು. ಯಲ್ಲಾಪುರ, ಹಳಿಯಾಳದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರೂ ಹೀಗೆಯೇ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ಮಡಚಿದ ಬಟ್ಟೆಯ 'ಫೂಲ' ಮೂಲೆಗೆ ಕೂರದೆ ಅವರ ಕೌದಿ ಪೂರ್ತಿಯಾಗದು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟ್‌ಗಳನ್ನು 2002ರಲ್ಲಿ ಹ್ಯೂಸ್ಟನ್‌ನ ಕಲಾ ಮ್ಯೂಸಿಯಂ ಗೋಡೆಗೆ ಏರಿಸಿತು. ನಮ್ಮ ಕೌದಿಗೂ ಆ ಯೋಗ್ಯತೆ ಇದೆ.

ಕೌದಿಯೂ ಕೆಡುತ್ತದೆ. ದಾರ ಬಿಗಿದರೆ ಸುಕ್ಕು. ಪ್ರತಿ ಸುತ್ತೂ ಸಡಿಲ ಬಟ್ಟೆಯನ್ನು ಮುಂದಕ್ಕೆ ತಳ್ಳುವುದರಿಂದ ನಡುವೆ ಉಬ್ಬು ಬರುತ್ತದೆ, ಕಚ್ಚಾ ಹೊಲಿಗೆ ಬೇಕಾಗುವುದು ಅದಕ್ಕೇ. ನಾಲ್ಕು ತುಂಡಿನ ಮಡಿಕೆಗಳು ಒಂದೇ ಕಡೆ ಬಿದ್ದರೆ ಸೂಜಿ ಇಳಿಯದು. ನೈಲಾನ್ ಸೀರೆ ಬೆರೆಸಬೇಡಿ. ಹೊಲಿಯುವಾಗ ಜಾರುತ್ತದೆ, ಹತ್ತಿಗೆ ಬೇಕಾದ ಇಸ್ತ್ರಿಯ ಬಿಸಿಗೆ ಕರಗುತ್ತದೆ.

ಇಲ್ಲಿನ ಅಮೆರಿಕನ್ನರಿಂದ ಕಲಿಯಬೇಕಾದದ್ದು ದೂರ ನಿಂತು ನೋಡುವುದು. ಆಗಾಗ ಕೆಲಸವನ್ನು ಗೋಡೆಗೆ ತೂಗಿ, ಎಂಟು ಅಡಿ ಹಿಂದೆ ಸರಿದು, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಕೆಂಪು, ಹಸಿರು, ನೇರಳೆ ಎಲ್ಲವೂ ಒಂದೇ ಬೂದಿ ಬಣ್ಣ ಕಂಡರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ ಎಂದರ್ಥ. ನಿಂಬೆ ಹಳದಿಯನ್ನೋ ಕಡುನೀಲಿಯನ್ನೋ ಸೇರಿಸಿ. ಹೊಸ ಕೆಂಪು ಬಟ್ಟೆಯನ್ನು ಒದ್ದೆ ಬಿಳಿ ಕರ್ಚೀಫಿನಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ, ಬಿಡುವುದು ನಿಲ್ಲುವವರೆಗೆ ಒಗೆಯಿರಿ. ಗೋಡೆಗೆ ಹಾಕುವುದಾದರೆ ಹಿಂದೆ ಮೇಲಂಚಿಗೆ ನಾಲ್ಕು ಇಂಚಿನ ಬಟ್ಟೆಯ ಕೊಳವೆ ಹೊಲಿದು ಅದರೊಳಗೆ ಕೋಲು ತೂರಿಸಿ. ಬಿಸಿಲು ನೇರ ಬೀಳದ ಗೋಡೆಯೇ ಆಗಲಿ.