ಸೀಸ ಬಿಟ್ಟ ಮೇಲೂ ಸೀಸದ್ದೇ ಅಳತೆಗೋಲು ಯಾಕೆ?

ಸೀಸವಿಲ್ಲದ ಪೆರೊವ್‌ಸ್ಕೈಟ್ ನ್ಯಾನೊಹರಳುಗಳ (ಪೆರೊವ್‌ಸ್ಕೈಟ್ ಎಂಬ ಖನಿಜದಂಥ ರಚನೆಯಿರುವ, ಬೆಳಕು ಸೂಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ) ಮಾತು ಬಂದಾಗಲೆಲ್ಲ ಒಂದೇ ರಾಗ: "ಸೀಸದಷ್ಟು ಬೆಳಗಲ್ಲ ಬಿಡಿ." ನನಗೆ ಈ ವಾದ ಸರಿ ಕಾಣುವುದಿಲ್ಲ.

ಸೀಸದ ಹರಳು ಚೆಂದ, ಅದರಲ್ಲಿ ಎರಡು ಮಾತಿಲ್ಲ. 2015ರಲ್ಲಿ ಜ್ಯೂರಿಕ್‌ನ ರಸಾಯನವಿಜ್ಞಾನಿ ಕೊವಲೆಂಕೊ ಅವರ ತಂಡ ಸೀಸಿಯಂ, ಸೀಸ, ಬ್ರೋಮಿನ್ ಸೇರಿದ ನ್ಯಾನೊಹರಳುಗಳನ್ನು ತೋರಿಸಿತು. ಅದರ ದ್ರಾವಣಕ್ಕೆ ನೇರಳಾತೀತ ದೀಪ ಹಿಡಿದರೆ ಇಡೀ ಬಾಟಲಿ ಕಣ್ಣು ಕೋರೈಸುವ ಹಸಿರು. ಬ್ರೋಮಿನ್ ಜಾಗಕ್ಕೆ ಕ್ಲೋರಿನ್ ಬಂದರೆ ನೀಲಿಯ ಕಡೆ, ಅಯೋಡಿನ್ ಬಂದರೆ ಕೆಂಪಿನ ಕಡೆ. ಹರಳಿನಲ್ಲಿ ಅಲ್ಲಲ್ಲಿ ಪರಮಾಣು ತಪ್ಪಿಹೋಗಿದ್ದರೂ ಬೆಳಕು ಅಷ್ಟಾಗಿ ಕುಗ್ಗುವುದಿಲ್ಲ.

ಆದರೆ ಈ ಹರಳು ನೀರು ತಾಗಿದರೆ ಒಡೆಯುತ್ತದೆ, ಒಳಗಿನ ಸೀಸ ಹೊರಬರುತ್ತದೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಿರುವಾಗ "ಸ್ವಲ್ಪ ತಾನೇ" ಅಂತ ಸುಮ್ನೆ ಇರೋಕೆ ಆಗಲ್ಲ ಅಲ್ವಾ?

ಹಾಗಂತ ಸೀಸ ತೆಗೆದು ತವರ ಹಾಕಿದರೆ ಮುಗಿಯಲಿಲ್ಲ. ಗಾಳಿ ತಾಗಿದರೆ ತವರ ಇನ್ನೆರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಹರಳು ಕೆಡುತ್ತದೆ. 2016ರಲ್ಲಿ ಜೀಬ್ರಾ ಮೀನುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ತವರದ ಅಯೋಡೈಡ್ ಸೀಸದ ಅಯೋಡೈಡಿಗಿಂತ ಜಾಸ್ತಿ ಹಾನಿ ಮಾಡಿತ್ತು. ಅದು ನೀರನ್ನೇ ಆಮ್ಲೀಯ ಮಾಡಿಬಿಟ್ಟಿತ್ತು. "ಸೀಸರಹಿತ" ಎಂಬ ಹಣೆಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬಾರದು.

ನನಗೆ ಭರವಸೆ ಇರುವುದು ಸೀಸವನ್ನು ಅನುಕರಿಸದ ಹರಳುಗಳ ಮೇಲೆ. 2018ರಲ್ಲಿ ಸೀಸಿಯಂ, ಬೆಳ್ಳಿ, ಸೋಡಿಯಂ, ಇಂಡಿಯಂ, ಕ್ಲೋರಿನ್ ಸೇರಿಸಿ, ಚಿಟಿಕೆಯಷ್ಟು ಬಿಸ್ಮತ್ ಹಾಕಿ ಮಾಡಿದ ವಸ್ತು ಬೆಚ್ಚನೆಯ ಬಿಳಿ ಬೆಳಕು ಕೊಟ್ಟಿತು. ದಕ್ಷತೆ, ಅಂದರೆ ಹೀರಿಕೊಂಡ ಬೆಳಕಿನ ಕಣಗಳಲ್ಲಿ ಮತ್ತೆ ಬೆಳಕಾಗಿ ಹೊರಬಂದ ಪಾಲು, ಸುಮಾರು 86%. ಅದರ ಬೆಳಕು ಹಲವು ಬಣ್ಣಗಳಿಗೆ ಹರಡಿಕೊಂಡಿರುತ್ತದೆ. ಟಿವಿ ಪರದೆಗೆ ಅದು ದೋಷ. ಮನೆಯ ದೀಪಕ್ಕೆ ಬೇಕಾಗಿರುವುದೇ ಅದು! ಇಂಡಿಯಂ ದುಬಾರಿ, ಅಪರೂಪದ ಲೋಹ ಎಂಬ ತಕರಾರನ್ನು ಮಾತ್ರ ಒಪ್ಪುತ್ತೇನೆ.

ತಾಮ್ರದ ಹರಳು ನೋಡಿ. ಸೀಸಿಯಂ, ತಾಮ್ರ, ಅಯೋಡಿನ್ ಸೇರಿದ್ದು, ನೀಲಿಯಾಗಿ ಹೊಳೆಯುತ್ತದೆ. (ರಚನೆ ನೋಡಿದರೆ ಇದು ನಿಜವಾದ ಪೆರೊವ್‌ಸ್ಕೈಟ್ ಅಲ್ಲ, ಆದರೂ ಈ ಗುಂಪಿನಲ್ಲೇ ಸೇರಿಸುತ್ತಾರೆ.) ತಾನು ಸೂಸಿದ ಬೆಳಕನ್ನು ತಾನೇ ನುಂಗುವುದು ತೀರಾ ಕಡಿಮೆ. ಹಾಗಾಗಿ ಎಕ್ಸ್‌ರೇ ಬಿದ್ದಾಗ ಬೆಳಗಿ ಅದನ್ನು ಪತ್ತೆ ಹಚ್ಚುವ ಫಲಕಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಇಂಥವನ್ನು ಸೀಸದ ಪಕ್ಕ ನಿಲ್ಲಿಸಿ ಅಂಕ ಕಳೆಯುವುದನ್ನು ವಿಮರ್ಶಕರು ಬಿಡಲಿ. ಯಾವ ಕೆಲಸಕ್ಕೆ ಮಾಡಿದ್ದು, ಗಾಳಿಯಲ್ಲಿ ಎಷ್ಟು ದಿನ ಉಳಿಯಿತು, ನೀರಿಗೆ ಬಿದ್ದರೆ ಏನು ಹೊರಬಂತು ಎಂದು ಕೇಳಲಿ. ಕೊನೆಯ ಪ್ರಶ್ನೆಗೆ ಪ್ರತಿ ಸಂಶೋಧನಾ ಪ್ರಬಂಧದಲ್ಲೂ ಉತ್ತರ ಇರಲೇಬೇಕು.