ಮುಸುಕು ಹಾಕಿದ ಕಾರು, ಗಾಣದೆತ್ತಿನ ಮೈಲೇಜು

ಹೊಸೂರು ರಸ್ತೆಯ ಟೀ ಅಂಗಡಿ ಮುಂದೆ ಮೊನ್ನೆ ಒಂದು ಕಾರು ಬಂದು ನಿಂತಿತು. ಮೈತುಂಬಾ ಕಪ್ಪು ಬಿಳುಪಿನ ಸುರುಳಿ ಸ್ಟಿಕ್ಕರ್. ಲೋಗೋ ಇರಬೇಕಾದ ಜಾಗದಲ್ಲಿ ಕರಿ ಟೇಪು. ಕೆಂಪು ನಂಬರ್ ಪ್ಲೇಟು. ಮಾರಾಟಕ್ಕೆ ಬರುವ ಮೊದಲು ಪರೀಕ್ಷೆಗೆ ಬಿಟ್ಟ ಹೊಸ ಎಲೆಕ್ಟ್ರಿಕ್ ಕಾರು. ಯಾರಿಗೂ ಗುರುತು ಸಿಗಬಾರದು ಅಂತ ಈ ವೇಷ.

ಆ ಹೊತ್ತಿಗೆ ರಸ್ತೆ ತುಂಬಾ ಕಾರುಗಳೇ. ಯಾವುದನ್ನೂ ಯಾರೂ ತಿರುಗಿ ನೋಡಲಿಲ್ಲ. ಇದೊಂದಕ್ಕೆ ಮಾತ್ರ ಬಿಎಂಟಿಸಿ ಬಸ್ಸಿನ ಕಿಟಕಿಗಳಲ್ಲೆಲ್ಲ ಮೊಬೈಲು. ಡೆಲಿವರಿ ಹುಡುಗ ಹೆಲ್ಮೆಟ್ ತೆಗೆದು ಸುತ್ತು ಬಂದು ವಿಡಿಯೋ ಮಾಡಿದ. ಸುಮ್ನೆ ಬಿಳಿ ಬಣ್ಣ ಬಳಿದು ಹಳದಿ ಬೋರ್ಡು ಹಾಕಿದ್ದರೆ ಸಾಕಿತ್ತು. ಯಾರಾದರೂ ಹಿಂದಿನ ಬಾಗಿಲು ತೆಗೆದು ಕೂತು ಓಟಿಪಿ ಹೇಳುತ್ತಿದ್ದರು, ಅಷ್ಟೇ.

ಒಳಗಿಂದ ಲ್ಯಾಪ್‌ಟಾಪ್ ಸಮೇತ ಇಬ್ಬರು ಇಳಿದರು.

"ಯಾವ ಕಂಪನಿದು ಸಾರ್?" ಪಕ್ಕದಲ್ಲಿದ್ದ ಆಟೋದವರು ಕೇಳಿದರು.

"ಹೇಳೋ ಹಾಗಿಲ್ಲ."

"ಬ್ಯಾಟರಿ ಗಾಡಿನಾ?"

"ಅದೂ ಹೇಳೋ ಹಾಗಿಲ್ಲ."

ಆಟೋದವರು ಹಿಂದೆ ಹೋಗಿ ಬಗ್ಗಿ ನೋಡಿದರು. ಸೈಲೆನ್ಸರ್ ಇರಲಿಲ್ಲ. "ಆಯ್ತು ಬಿಡಿ" ಅಂದು ಟೀ ಕುಡಿದರು. 2001ರಲ್ಲೇ ರೇವಾ ಅನ್ನೋ ಬ್ಯಾಟರಿ ಕಾರು ಓಡಿಸಿದ ಊರಿದು, ಇಷ್ಟೂ ಗೊತ್ತಾಗಲ್ವಾ?

ಮೈಲೇಜಿನ ಕಥೆ ಇನ್ನೂ ಚೆಂದ. ಒಂದು ಚಾರ್ಜಿಗೆ ಇಷ್ಟು ಓಡುತ್ತದೆ ಅಂತ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವ ಕಿಲೋಮೀಟರ್ ಲೆಕ್ಕ ರಸ್ತೆಯಲ್ಲಿ ಹುಟ್ಟುವುದಿಲ್ಲ. ಕಾರನ್ನು ಒಂದು ಕೋಣೆಯಲ್ಲಿ ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. 1180 ಸೆಕೆಂಡಿನ ಒಂದು ಪಾಠ. ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ವೇಗ ಹೋಗಬೇಕು, ಎಲ್ಲ ಮೊದಲೇ ಬರೆದಿಟ್ಟದ್ದು. ಗಂಟೆಗೆ 90 ಕಿಲೋಮೀಟರ್ ಮೀರುವಂತಿಲ್ಲ. ಎಸಿ ಬಂದ್. ಬ್ಯಾಟರಿ ಸುಸ್ತಾಗುವ ತನಕ ಅದನ್ನೇ ಮತ್ತೆ ಮತ್ತೆ ಒಪ್ಪಿಸಬೇಕು. ನಮ್ಮ ಗಾಣದೆತ್ತೂ ದಿನವಿಡೀ ಹೀಗೇ ನಡೆಯುತ್ತಿತ್ತು. ಪಾಪ, ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ.

ಕಾರು ಕೊಂಡವರು ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು, ಅತ್ತೆ ಮಾವ, ಎರಡು ಮೂಟೆ ಅಕ್ಕಿ ತುಂಬಿಕೊಂಡು ಊರಿಗೆ ಹೊರಡುತ್ತಾರೆ. ಅತ್ತೆ ಮಾವನನ್ನು ರೋಲರ್ ಮೇಲೆ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಹಾಗಂತ ಇವರು ಕಷ್ಟಪಡುವುದಿಲ್ಲ ಎನ್ನುವಂತಿಲ್ಲ. ಚಳಿಗೆ ಲಡಾಖ್‌ಗೆ ಒಯ್ಯುತ್ತಾರೆ, ಬಿಸಿಲಿಗೆ ರಾಜಸ್ಥಾನಕ್ಕೆ. ಇಂದೋರ್ ಹತ್ತಿರದ ಪೀಥಂಪುರದಲ್ಲಿ ವೇಗದ ಪರೀಕ್ಷೆಗೆಂದೇ 11.3 ಕಿಲೋಮೀಟರ್ ಟ್ರ್ಯಾಕ್ ಇದೆ. ಕುಲುಕಾಟದ ಪರೀಕ್ಷೆಗೆ ದುಡ್ಡು ಸುರಿದು, ನಕ್ಷೆ ಬರೆದು, ಬೇಕಂತಲೇ ಕೆಟ್ಟ ರಸ್ತೆ ಕಟ್ಟುತ್ತಾರೆ. ಇದನ್ನು ಓದಿ ನನಗೆ ಹೊಟ್ಟೆ ಉರಿಯಿತು. ನಮ್ಮೂರಲ್ಲಿ ನಕ್ಷೆಯೇ ಇಲ್ಲದೆ ಅದಕ್ಕಿಂತ ಒಳ್ಳೆಯ ಕೆಟ್ಟ ರಸ್ತೆ ಮಾಡುತ್ತಾರೆ, ಪ್ರತಿ ವರ್ಷ ಹೊಸದು. ನೀರಿನ ಪರೀಕ್ಷೆಯೂ ಹಾಗೆಯೇ. ದೂಳು, ನೀರು ಒಳಗೆ ನುಗ್ಗುವುದಿಲ್ಲ ಅನ್ನುವುದಕ್ಕೆ ಬ್ಯಾಟರಿಗೆ ಐಪಿ67 ಅಂತ ಒಂದು ದರ್ಜೆ. ಅದನ್ನು ಬರೆಸಿಕೊಳ್ಳಲು, ನೀರಿನ ಮಟ್ಟಿಗೆ, ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಸಾಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಸಾಫ್ಟ್‌ವೇರ್ ಮಂದಿ ಆಫೀಸಿಗೆ ಹೋದದ್ದು ಟ್ರ್ಯಾಕ್ಟರ್ ಹತ್ತಿ. ಆ ಟ್ರ್ಯಾಕ್ಟರ್‌ಗೆ ಯಾವ ಐಪಿ ಇತ್ತೋ!

ಟೀ ಮುಗಿಸಿದ ಇಬ್ಬರಲ್ಲಿ ಒಬ್ಬರು ಆಟೋದವರ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಅಣ್ಣಾ, ಇಲ್ಲೆಲ್ಲಾದ್ರೂ ಚಾರ್ಜಿಂಗ್ ಪಾಯಿಂಟ್ ಇದೆಯಾ?"

ಆಟೋದವರು ಎದುರಿಗೆ ಕೈ ತೋರಿಸಿದರು. ಕಂಬದ ಪಕ್ಕ ನೀಲಿ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಏನೋ ನಿಲ್ಲಿಸಿದ್ದರು. ಹಗ್ಗದ ಗಂಟಿನ ಮೇಲೆ ಒಂದು ಬಳ್ಳಿ ಹಬ್ಬಿತ್ತು.

"ಅದೇ ಸಾರ್. ಅದಕ್ಕೂ ಮುಸುಕು ಹಾಕಿದ್ದಾರೆ. ಟೆಸ್ಟಿಂಗ್ ನಡೀತಿರಬೇಕು."